ಕೊರಳಿಲ್ಲದ ಅತಿಥಿಗೆ ಕೊರ್ಲಹಳ್ಳಿಯ ಬಿನ್ನವತ್ತಳೆ

ಮಹನೀಯ ಕೊಬ್ಬಿನ ಅಣುಗಳೇ, ತುಂಗಭದ್ರೆಯ ದಂಡೆಯ ಈ ಊರಿಗೆ ದಯಮಾಡಿಸಿದ್ದೀರಿ. ಹಾರ ಸಿದ್ಧವಿದೆ. ಆದರೆ ಜೀವಕೋಶದ ಪೊರೆಯಲ್ಲಿ ನಿಂತ ತಮ್ಮ ಮೈಕಟ್ಟೆಂದರೆ ತಲೆಯೊಂದು, ಬಾಲವೆರಡು. ಹೆಸರಲ್ಲೇ ಕೊರಳಿಟ್ಟುಕೊಂಡ ಊರಿಗೆ ಕೊರಳೇ ಇಲ್ಲದ ಅತಿಥಿ! ಹಾರವನ್ನು ಮೇಜಿನ ಮೇಲಿಟ್ಟೇ ಓದುತ್ತೇವೆ. ಸೊಕ್ಕಿದವನನ್ನು ಕಂಡರೆ ನಮ್ಮ ಕಡೆ ‘ಕೊಬ್ಬು ಬಂದೈತಿ’ ಅನ್ನುತ್ತಾರೆ. ಆ ಮಾನಹಾನಿಗೆ ಮೊದಲು ಕ್ಷಮೆ ಇರಲಿ. ಮೈಯ ರೋಗನಿರೋಧಕ ಕಾವಲುಪಡೆಗೆ ಸುದ್ದಿ ಮುಟ್ಟಿಸುವವರಲ್ಲಿ ತಾವೂ ಒಬ್ಬರು.

ಮುಂದಿನ ಸಾಲಿನಲ್ಲಿ ಪ್ರೋಟೀನಿನ ಅಭಿಮಾನಿಗಳು ಗೊಣಗುತ್ತಿದ್ದಾರೆ: ರೋಗಾಣುವಿನ ಗುರುತು ಹಿಡಿಯುವುದು ಪ್ರೋಟೀನು, ಇವರು ಬರೀ ಗೋಡೆಯ ಗಿಲಾವು! ಅರ್ಧ ನಿಜ. ಆ ಕಾವಲುಪಡೆಯ ಟಿ ಕೋಶದ ಗ್ರಾಹಕಕ್ಕೆ ಶತ್ರುವಿನ ಚೂರು ತಾಗಿದರೆ ಕಿಣ್ವವೊಂದು ಬಂದು ಪೊರೆಯ ಒಳಮೈಯಲ್ಲಿರುವ ಪಿಐಪಿ2 ಎಂಬ ಕೊಬ್ಬನ್ನು ಕಡಿಯುತ್ತದೆ, ಕಡಿಯುವುದು ಪ್ರೋಟೀನೇ. ಕಡಿಸಿಕೊಂಡವರ ಕೆಲಸ ನೋಡಿ: ಕಳಚಿದ ತಲೆ ಕೋಶದೊಳಗೆ ಈಜಿಹೋಗಿ ಕ್ಯಾಲ್ಸಿಯಂ ದಾಸ್ತಾನಿನ ಬಾಗಿಲು ತೆರೆಸುತ್ತದೆ, ಬಾಲಗಳು ಪೊರೆಯಲ್ಲೇ ಉಳಿದು ಇನ್ನೊಂದು ಕಿಣ್ವವನ್ನು ಕರೆಯುತ್ತವೆ. ಕೆರೆದರೆ ಎರಡು ಹುಕುಮು ಹೊರಡಿಸುವ ಗಿಲಾವು ನಮ್ಮ ಮುಂಡರಗಿ ತಾಲ್ಲೂಕಿನಲ್ಲಂತೂ ಇಲ್ಲ. ಪ್ರೋಟೀನುಗಳನ್ನು ಗುಂಪು ಕಟ್ಟಿಸುವುದರಲ್ಲೂ ಇವರ ಕೈಯಿದೆ. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ರಜತ್ ವರ್ಮಾ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ, ಕೊಬ್ಬಿನ ಗೂಟಕ್ಕೆ ಕಟ್ಟಿದ ಪ್ರೋಟೀನುಗಳು ಕೋಶದ ಮೈಮೇಲೆ ಸಣ್ಣ ಸಣ್ಣ ಗುಂಪು ಕೂಡುವುದನ್ನು ತೋರಿಸಿದರು. ಆ ಗುಂಪಿಗೆ ಪೊರೆಯ ಒಳಪದರದ ಫಾಸ್ಫಟಿಡೈಲ್‌ಸೆರಿನ್ ಎಂಬ ಕೊಬ್ಬೂ ಬೇಕೆಂದು 2015ರಲ್ಲಿ ಮೇಯರ್ ತಂಡವೇ ಕಂಡಿತು. ಆ ಪ್ರಯೋಗದ ಕೋಶಗಳು ಕಾವಲುಪಡೆಯವಲ್ಲವಲ್ಲ ಎಂಬ ತಕರಾರು ಸರಿಯೇ. ಆದರೆ ಟಿ ಕೋಶದ ಮೈಮೇಲೂ ಅಂಥದೇ ಗೂಟಗಳಿವೆ.

ಇನ್ನೊಂದು ತಕರಾರು ಗಟ್ಟಿಯದು: ಜ್ವರ, ಬಾವು, ನೋವು ತಂದವರಿಗೆ ಶಾಲು ಯಾಕೆ? ಕುಸುಬಿ ಎಣ್ಣೆಯಲ್ಲಿ ತುಂಬಿರುವ ಲಿನೋಲೆಯಿಕ್ ಆಮ್ಲದಿಂದ ನಮ್ಮ ಮೈ ಅರಾಕಿಡೋನಿಕ್ ಆಮ್ಲ ಮಾಡಿಕೊಳ್ಳುತ್ತದೆ, ಅದರಿಂದ ಪ್ರೊಸ್ಟಾಗ್ಲಾಂಡಿನ್. ಆ ಉರಿಯಲ್ಲಿ ಇದರ ಕೈವಾಡ ದೊಡ್ಡದು. ಆಸ್ಪಿರಿನ್ ಇದನ್ನೇ ತಡೆಯುತ್ತದೆಂದು 1971ರಲ್ಲಿ ತೋರಿಸಿದ ಜಾನ್ ವೇನ್ 1982ರ ನೊಬೆಲ್ ಹಂಚಿಕೊಂಡರು. ಆರೋಪ ಒಪ್ಪಿದೆವು. ಆದರೆ ಉರಿ ತಣಿಸುವ ಲಿಪಾಕ್ಸಿನ್ ಹುಟ್ಟುವುದೂ ಅದೇ ಅರಾಕಿಡೋನಿಕ್ ಆಮ್ಲದಿಂದ. ಡಂಗುರ ಸಾರಿದವರೇ ಸಾಕು ನಿಲ್ಲಿಸಿ ಎಂದೂ ಸಾರುತ್ತಾರೆ. ಹಾಗಾದರೆ ಮಿರ್ಚಿ ಭಜಿ ಇನ್ನೆರಡು ಪ್ಲೇಟು ಹೊಡೆಯೋಣವೇ ಎಂದು ಹಿಂದಿನಿಂದ ಯಾರೋ ಕೇಳಿದರು. ಬೇಡ. ಕೋಶ ತನ್ನ ಪೊರೆಯಿಂದ ಬೇಕಾದಾಗ, ಬೇಕಾದಷ್ಟೇ ಕಡಿದುಕೊಳ್ಳುತ್ತದೆ, ಬಾಣಲೆಯನ್ನು ನೋಡಿ ಅಲ್ಲ.

ಶಾಲು ಹೊದಿಸಲು ಹೆಗಲೂ ಕಾಣುತ್ತಿಲ್ಲ. ಫಲತಾಂಬೂಲವನ್ನಾದರೂ ಸ್ವೀಕರಿಸಬೇಕು, ಅದರಲ್ಲಿ ತಪ್ಪಿ ಸೇರಿದ್ದ ಆಸ್ಪಿರಿನ್ ಮಾತ್ರೆಯನ್ನು ಈಗಷ್ಟೇ ತೆಗೆಸಿದ್ದೇವೆ.