ಕುಳ್ಳನ ಜಮಾ-ಖರ್ಚು

ಕುಳ್ಳರಿಗೆ ಸಮಾಧಾನ ಹೇಳುವುದೆಂದರೆ ನಮ್ಮ ಜನಕ್ಕೆ ಎಲ್ಲಿಲ್ಲದ ಉತ್ಸಾಹ. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎನ್ನುತ್ತಾರೆ. ಹೇಳಿದವರು ಆರಡಿ ಇರುತ್ತಾರೆ. ವಾಮನನನ್ನು ನೆನಪಿಸುತ್ತಾರೆ, ಲಾಲ್ ಬಹದ್ದೂರ್ ಶಾಸ್ತ್ರಿಗಳನ್ನು ನೆನಪಿಸುತ್ತಾರೆ, ಭದ್ರಾವತಿಯ ಕ್ರಿಕೆಟಿಗ ವಿಶ್ವನಾಥ್ ಅವರ ಸ್ಕ್ವೇರ್ ಕಟ್ಟನ್ನಂತೂ ತಪ್ಪದೆ ನೆನಪಿಸುತ್ತಾರೆ. ಇಷ್ಟೆಲ್ಲ ಹೇಳಿ, ಅಟ್ಟದ ಮೇಲಿನ ಡಬ್ಬ ಇಳಿಸಲು ಮಾತ್ರ ಪಕ್ಕದ ಮನೆಯವರನ್ನು ಕರೆಯುತ್ತಾರೆ. ಐದಡಿ ಮೂರಂಗುಲದ ನಾನು ಈ ಸಮಾಧಾನಗಳನ್ನು ಕೇಳಿ ಕೇಳಿ ಬೇಸತ್ತು, ನನ್ನ ಕಡೆಗೇ ಒಬ್ಬ ಸಾಕ್ಷಿಯನ್ನು ಹುಡುಕಿಕೊಂಡಿದ್ದೇನೆ. ಫ್ರಾನ್ಸಿನವನು. ಹೆಸರು ಎನ್‌ಗೋಲೋ ಕಾಂಟೆ. ಕಸುಬು ಫುಟ್‌ಬಾಲ್, ಜಾಗ ಮೈದಾನದ ನಟ್ಟನಡುವೆ. ಎತ್ತರ 168 ಸೆಂಟಿಮೀಟರ್. ನನಗಿಂತ ಎಂಟು ಸೆಂಟಿಮೀಟರ್ ಹೆಚ್ಚಾಯಿತು ನಿಜ. ಅಷ್ಟನ್ನು ನಾನು ದೊಡ್ಡ ಮನಸ್ಸು ಮಾಡಿ ಮನ್ನಾ ಮಾಡಿದ್ದೇನೆ.

ನಮ್ಮಿಬ್ಬರಿಗೆ ಇನ್ನೊಂದು ನಂಟೂ ಇದೆ. ನಾನು ಬಿ.ಕಾಂ. ಮುಗಿಸಿ ಅಕೌಂಟ್ಸ್ ಸೆಕ್ಷನ್ ಸೇರಿದವನು. ಕಾಂಟೆಯೂ ಚೆಂಡಿನ ಹಿಂದೆ ಓಡುತ್ತಲೇ ಅಕೌಂಟೆನ್ಸಿ ಡಿಪ್ಲೊಮಾ ಓದಿದವನು, ಆಟ ಕೈಕೊಟ್ಟರೆ ಇರಲಿ ಎಂದು. ‘ಮೊದಲು ಕೈಯಲ್ಲೊಂದು ಸರ್ಟಿಫಿಕೇಟ್ ಅಂತ ಇರಲಿ, ಆಮೇಲೆ ಎಷ್ಟು ಬೇಕಾದರೂ ಕುಣಿ’ ಎಂಬ ಮಾತು ಮಲ್ಲೇಶ್ವರ, ಕುವೆಂಪುನಗರಗಳ ಹಾಗೆ ಪ್ಯಾರಿಸ್ಸಿನ ಹೊರವಲಯದಲ್ಲೂ ಚಲಾವಣೆಯಲ್ಲಿರಬೇಕು.

ಹುಟ್ಟಿದ್ದು 1991ರ ಮಾರ್ಚ್ 29ರಂದು, ಪ್ಯಾರಿಸ್ಸಿನಲ್ಲಿ. ಅಪ್ಪ ಅಮ್ಮ ಪಶ್ಚಿಮ ಆಫ್ರಿಕದ ಮಾಲಿ ದೇಶದಿಂದ ಹೊಟ್ಟೆಪಾಡಿಗೆ ಬಂದವರು. ಬೆಳೆದದ್ದು ನಗರದ ಪಶ್ಚಿಮಕ್ಕಿರುವ ರುಯೇ-ಮಾಲ್ಮೇಜೋನ್ ಎಂಬಲ್ಲಿ. ಹೆಸರು ನಾಲಿಗೆಗೆ ಹೊರಳದಿದ್ದರೆ ಬಿಡಿ, ಊರಿನ ವಿಶೇಷ ಕೇಳಿ. ನೆಪೋಲಿಯನ್ನನ ಹೆಂಡತಿ ಜೋಸೆಫಿನ್ 1799ರಲ್ಲಿ ಕೊಂಡ ಬಂಗಲೆ ಇರುವುದು ಅಲ್ಲೇ. ನೆಪೋಲಿಯನ್ ಕುಳ್ಳನಾಗಿದ್ದನೆಂದು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಅವನು ಅಷ್ಟೇನೂ ಕುಳ್ಳನಲ್ಲ, ಆ ಕಾಲದ ಫ್ರೆಂಚರ ಸರಾಸರಿಯಲ್ಲೇ ಇದ್ದ. ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರರು ಗಿಡ್ಡ ಮಾಡಿ ಬರೆದೂ ಬರೆದೂ ಅದನ್ನೇ ಚರಿತ್ರೆ ಮಾಡಿಬಿಟ್ಟರು. ಚಕ್ರವರ್ತಿಗೇ ತನ್ನ ಎತ್ತರದ ಲೆಕ್ಕ ಸರಿಪಡಿಸಿಕೊಳ್ಳಲು ಆಗಲಿಲ್ಲ ಎಂದ ಮೇಲೆ ಅದೇ ಊರಿನ ಸಣ್ಣ ಫ್ಲ್ಯಾಟಿನಲ್ಲಿ ತಮ್ಮ-ತಂಗಿಯರ ಜೊತೆ ಬೆಳೆದ ಹುಡುಗನ ಪಾಡೇನು? ಅವನಿಗೆ ಹನ್ನೊಂದಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಶುಚಿ ಮಾಡುವ ಕೆಲಸಕ್ಕೆ ಹೋಗಿ ಮಕ್ಕಳನ್ನು ಸಾಕಿದರು. ಇದರಲ್ಲಿ ನಗುವಂಥದ್ದೇನೂ ಇಲ್ಲ, ಮುಂದಕ್ಕೆ ಹೋಗೋಣ.

ಎಂಟನೆಯ ವಯಸ್ಸಿಗೆ ಪಕ್ಕದ ಸುರೇನ್ ಊರಿನ ಕ್ಲಬ್ ಸೇರಿದ. ಹತ್ತೊಂಬತ್ತರವರೆಗೂ ಅಲ್ಲೇ ಇದ್ದ. ಅಲ್ಲಿನ ಕೋಚ್ ಒಬ್ಬರು ಒಮ್ಮೆ ಅವನಿಗೆ ಹೋಂವರ್ಕ್ ಕೊಟ್ಟರಂತೆ: ಚೆಂಡು ನೆಲಕ್ಕೆ ಬೀಳದ ಹಾಗೆ ಎಡಗಾಲಲ್ಲಿ 50 ಸಲ ಪುಟಿಸಬೇಕು, ಬಲಗಾಲಲ್ಲಿ 50, ತಲೆಯಲ್ಲಿ 50. ಗಡುವು ಎರಡು ತಿಂಗಳು. ಸಾಮಾನ್ಯವಾಗಿ ಇಂಥ ಹೋಂವರ್ಕನ್ನು ಕೊಟ್ಟವರೂ ಮರೆತಿರುತ್ತಾರೆ, ಪಡೆದವರೂ ಮರೆತಿರುತ್ತಾರೆ. ಶಿಕ್ಷಣ ವ್ಯವಸ್ಥೆ ನಡೆಯುತ್ತಿರುವುದೇ ಈ ಪರಸ್ಪರ ಒಪ್ಪಂದದ ಮೇಲೆ. ಈ ಹುಡುಗ ಎರಡು ತಿಂಗಳಾದ ಮೇಲೆ ಬಂದು ಮೂರನ್ನೂ ಮಾಡಿ ತೋರಿಸಿದ.

ಆದರೂ ದೊಡ್ಡ ಕ್ಲಬ್ಬುಗಳ ಅಕಾಡೆಮಿಗಳು ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಫ್ರಾನ್ಸಿನ ಹೆಸರಾಂತ ಕ್ಲೇರ್‌ಫೋಂಟೇನ್ ತರಬೇತಿ ಕೇಂದ್ರ ಬೇಡ ಎಂದಿತು. ರೆನ್, ಲೋರಿಯಾಂ, ಸೋಶೋ ಕ್ಲಬ್ಬುಗಳೂ ಬೇಡ ಎಂದವು. ಕಾರಣ ಒಂದೇ: ಗಿಡ್ಡ, ತೆಳ್ಳಗೆ. ಹದಿಮೂರು ಹದಿನಾಲ್ಕರ ಹುಡುಗರ ಆಯ್ಕೆ ಎಂದರೆ ನೀವೇ ಊಹಿಸಿಕೊಳ್ಳಿ. ಅರ್ಧ ಮಂದಿಗೆ ಆಗಲೇ ಮೀಸೆ ಚಿಗುರಿ ದನಿ ಒಡೆದಿರುತ್ತದೆ, ಉಳಿದರ್ಧಕ್ಕೆ ಇನ್ನೂ ಅಮ್ಮ ತಲೆ ಬಾಚುತ್ತಿರುತ್ತಾಳೆ. ಮೀಸೆಯವರ ಪಾಲಿಗೆ ಆಯ್ಕೆ, ಬಾಚಿದ ತಲೆಯವರ ಪಾಲಿಗೆ ‘ಮುಂದಿನ ವರ್ಷ ನೋಡೋಣ’. ನಾನು ಹೈಸ್ಕೂಲಿನಲ್ಲಿದ್ದಾಗ ಡ್ರಿಲ್ ಪೀರಿಯಡ್ಡಿನಲ್ಲಿ ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಿದ್ದರು. ನಾಯಕತ್ವದ ಗುಣ ಇಲ್ಲದಿದ್ದರೂ ನಾನು ಸದಾ ಸಾಲಿನ ಮುಂದೆ. ವಾಲಿಬಾಲ್ ತಂಡಕ್ಕೆ ಹೆಸರು ಕೊಟ್ಟಾಗ ಮೇಷ್ಟರು ಮೇಲಿಂದ ಕೆಳಕ್ಕೆ ನೋಡಿದರು. ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ‘ನೀನು ಸ್ಕೋರ್ ಬರಿ’ ಎಂದರು. ನನ್ನ ಲೆಕ್ಕಪತ್ರದ ವೃತ್ತಿ ಆವತ್ತೇ ಆರಂಭವಾಯಿತು ಎನ್ನಬಹುದು.

ಮಿಡ್‌ಫೀಲ್ಡರ್ ಎಂಬ ಪ್ರಾಣಿಯ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಫುಟ್‌ಬಾಲಿನಲ್ಲಿ ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ಗೋಲು ತಡೆದವನ ಫೋಟೋ ಬರುತ್ತದೆ. ನಡುವೆ ನಿಂತವನದು ಯಾವುದೂ ಬರುವುದಿಲ್ಲ. ಅದರಲ್ಲೂ ಕಾಂಟೆಯ ಬಗೆಯ ಮಿಡ್‌ಫೀಲ್ಡರ್ ಮಾಡುವುದು ಎದುರಾಳಿಯ ಕಾಲಿನಿಂದ ಚೆಂಡು ಕಸಿದು ತನ್ನವರಿಗೆ ಒಪ್ಪಿಸಿ ಮತ್ತೆ ಕಸಿಯಲು ಹೊರಡುವ ಕೆಲಸ. ರಾತ್ರಿ ಮ್ಯಾಚ್ ನೋಡುತ್ತ ಕೂತಿದ್ದಾಗ ನನ್ನಾಕೆ ಹತ್ತಿರ ಬಂದು ನಿಂತಳು.

‘ರೀ, ನಿಮ್ಮ ಆ ಕಾಂಟೆ ಗೋಲು ಹೊಡೀತಾನಾ?’

‘ಅಪರೂಪಕ್ಕೆ.’

‘ಗೋಲು ತಡೀತಾನಾ?’

‘ಅದು ಗೋಲಿಯ ಕೆಲಸ.’

‘ಮತ್ತೆ ಸಂಬಳ ಯಾತಕ್ಕೆ ಕೊಡ್ತಾರೆ?’

ಇದೇ ಪ್ರಶ್ನೆಯನ್ನು ನಮ್ಮ ಅಕೌಂಟ್ಸ್ ಸೆಕ್ಷನ್ನಿನ ಬಗ್ಗೆಯೂ ಆಫೀಸಿನಲ್ಲಿ ಆಗಾಗ ಕೇಳುತ್ತಿದ್ದರಾದ್ದರಿಂದ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ‘ಅವನು ರಜೆ ಹಾಕಿದಾಗ ಗೊತ್ತಾಗುತ್ತೆ’ ಎಂದೆ. ಸ್ಪೇನಿನ ರಿಯಲ್ ಮ್ಯಾಡ್ರಿಡ್ಡಿಗೆ ಹೀಗೇ ಗೊತ್ತಾಯಿತು. 2003ರಲ್ಲಿ ಅವರು ಅಂಗಿ ಮಾರಾಟವಾಗುವ ಬೆಕಮ್‌ನನ್ನು ಕೊಂಡು, ಚೆಂಡು ಕಸಿಯುವ ಮಾಕೆಲೆಲೆಯನ್ನು ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿಗೆ ಕಳಿಸಿಕೊಟ್ಟರು. ಮುಂದಿನ 3 ವರ್ಷ ಸ್ಪೇನಿನ ಲೀಗ್ ಪ್ರಶಸ್ತಿ ಅವರ ಕೈಗೆ ಹತ್ತಲಿಲ್ಲ.

ಕಾಂಟೆ ಚೆಂಡು ಕಸಿಯುವುದನ್ನು ನಿಧಾನವಾಗಿ ನೋಡಬೇಕು. ಎದುರು ತಂಡದವನೊಬ್ಬ ಗೋಲಿನ ಕಡೆ ಬೆನ್ನು ಮಾಡಿ ಪಾಸ್ ಸ್ವೀಕರಿಸುತ್ತಾನೆ. ಸುತ್ತ ಯಾರೂ ಇಲ್ಲ. ಹಾಯಾಗಿ ಚೆಂಡನ್ನು ಕಾಲಿನಿಂದ ತಡೆಯುತ್ತಾನೆ. ಅದು ಒಂದು ಗೇಣು ಹೆಚ್ಚಿಗೆ ಉರುಳುತ್ತದೆ. ಮದುವೆಮನೆಯಲ್ಲಿ ಎಲೆ ಹಾಕಿ ಮುಗಿಯುವ ಮೊದಲೇ ಮೊದಲ ಪಂಕ್ತಿಯಲ್ಲಿ ಕೂತಿರುವ ದೂರದ ನಂಟರೊಬ್ಬರಿರುತ್ತಾರಲ್ಲ, ಯಾವಾಗ ಬಂದರು, ಯಾವ ಬಾಗಿಲಿಂದ ಬಂದರು ಎಂದು ಯಾರೂ ನೋಡಿರುವುದಿಲ್ಲ, ಹಾಗೆ ಕಾಂಟೆ ಆ ಗೇಣುದ್ದದ ಜಾಗದಲ್ಲಿ ಇರುತ್ತಾನೆ. ಜಾರಿ ಬಿದ್ದು ಹುಲ್ಲು ಕಿತ್ತು ಅಂಗಿ ಮಣ್ಣು ಮಾಡಿಕೊಳ್ಳುವ ಗದ್ದಲವೇನಿಲ್ಲ. ಬಲಗಾಲಿನ ತುದಿ ಚಾಚಿ ಚೆಂಡನ್ನು ಪಕ್ಕಕ್ಕೆ ಸರಿಸುತ್ತಾನೆ. ಸೊಂಟವನ್ನು ಎದುರಾಳಿಗೂ ಚೆಂಡಿಗೂ ನಡುವೆ ತೂರಿಸುತ್ತಾನೆ. ಅಷ್ಟು ಹೊತ್ತಿಗೆ ಚೆಂಡು ಅವನದು. ಇಲ್ಲಿ ಕುಳ್ಳತನ ಲಾಭದ ಬಾಬತ್ತು. ಆರಡಿಯವನು ಬಾಗಿ ತಿರುಗಿ ನಿಲ್ಲುವಷ್ಟರಲ್ಲಿ ಇವನು ಎರಡು ಸಲ ತಿರುಗಿರುತ್ತಾನೆ. ಕಳಕೊಂಡವನು ಮಾತ್ರ ಒಂದು ಕ್ಷಣ ಕಾಲ ಕೆಳಗೆ ನೋಡುತ್ತ ನಿಂತಿರುತ್ತಾನೆ. ಆ ಮುಖ ನೋಡುವುದಕ್ಕಾಗಿಯೇ ನಾನು ನಿದ್ದೆಗೆಡುತ್ತೇನೆ.

2010ರಲ್ಲಿ, ಸುರೇನ್ ಕ್ಲಬ್ಬಿನ ಹಿರಿಯರ ಪರಿಚಯದ ಮೇಲೆ, ಫ್ರಾನ್ಸಿನ ಉತ್ತರದ ಕಡಲತೀರದಲ್ಲಿರುವ ಬೂಲೋನ್ ಕ್ಲಬ್ಬಿನ ಮೀಸಲು ತಂಡದಲ್ಲಿ ಜಾಗ ಸಿಕ್ಕಿತು. ಇನ್‌ಫ್ಲುಯೆನ್ಸ್ ಎಂಬುದು ಫ್ರಾನ್ಸಿನಲ್ಲೂ ಇದೆ. ಒಳ್ಳೆಯದಕ್ಕೂ ಬಳಕೆಯಾಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಬೂಲೋನ್ ದೇಶದ ಅತಿ ದೊಡ್ಡ ಮೀನುಗಾರಿಕೆ ಬಂದರು, ಹೆಸರಾಂತ ಫುಟ್‌ಬಾಲ್ ಆಟಗಾರ ಫ್ರಾಂಕ್ ರಿಬೇರಿ ಹುಟ್ಟಿದ ಊರು. ಅಲ್ಲಿ ನಮ್ಮವನ ದಿನಚರಿ ಅಭ್ಯಾಸ, ಅಕೌಂಟೆನ್ಸಿ ಪುಸ್ತಕ, ಮತ್ತೆ ಅಭ್ಯಾಸ. ಅಭ್ಯಾಸಕ್ಕೆ ಹೋಗುತ್ತಿದ್ದದ್ದು ಸ್ಕೂಟರಿನಲ್ಲಿ. ಪೆಟ್ರೋಲು ಹಾಕುವ ಸ್ಕೂಟರಲ್ಲ, ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಒಂಟಿ ಕಾಲಲ್ಲಿ ತಳ್ಳಿಕೊಂಡು ಹಿರಿಯರ ಕಾಲಿಗೆ ಗುದ್ದುತ್ತಾರಲ್ಲ, ಅದು. ಜೊತೆಯ ಆಟಗಾರರು ಕಾರಿನಲ್ಲಿ ಬರುತ್ತಿದ್ದರೆ ಇವನು ಸಮುದ್ರದ ಗಾಳಿಗೆ ಎದುರಾಗಿ ಸ್ಕೂಟರ್ ತಳ್ಳಿಕೊಂಡು ಬರುತ್ತಿದ್ದ. ದಿನವಿಡೀ ಓಡಬೇಕಾದವನು ಓಡುವ ಜಾಗಕ್ಕೂ ಕಾಲಿನಿಂದಲೇ ತಲುಪಬೇಕೇ ಎಂದು ನೀವು ಕೇಳಬಹುದು. ಅವನಿಗೆ ಹಾಗೆ ಅನ್ನಿಸಿದಂತಿಲ್ಲ.

ಮೊದಲ ವೃತ್ತಿಪರ ಪಂದ್ಯ ಸಿಕ್ಕಿದ್ದು 2012ರ ಮೇ 18ರಂದು, ಎರಡನೇ ದರ್ಜೆಯ ಲೀಗಿನಲ್ಲಿ, ಮೊನಾಕೊ ವಿರುದ್ಧ. ಕೊನೆಯ ಕೆಲವು ನಿಮಿಷಕ್ಕೆ ಬದಲಿ ಆಟಗಾರನಾಗಿ ಇಳಿದ. ತಂಡ 1-2ರಲ್ಲಿ ಸೋತಿತು, ಆ ವರ್ಷವೇ ಮೂರನೇ ದರ್ಜೆಗೂ ಇಳಿಯಿತು. ಇಪ್ಪತ್ತೊಂದು ವಯಸ್ಸು, ಕೆಲವೇ ನಿಮಿಷಗಳ ಅನುಭವ, ಮುಳುಗಿದ ಹಡಗು: ಇಂಥ ಬಯೋಡೇಟಾ ಹಿಡಿದು ಬಂದವನಿಗೆ ನಮ್ಮಲ್ಲಾದರೆ ಯಾವ ಹುಡುಗಿಯ ಅಪ್ಪನೂ ಕಾಫಿ ಕೊಡುವುದಿಲ್ಲ. ಆದರೆ ದೊಡ್ಡ ತಂಡ ಇಳಿದಾಗಲೇ ಚಿಕ್ಕವರಿಗೆ ಜಾಗ ಆಗುವುದು. ಮುಂದಿನ ವರ್ಷದ 38 ಪಂದ್ಯಗಳಲ್ಲಿ 37ನ್ನು ಅವನು ಆಡಿದ. 2013ರಲ್ಲಿ ನಾರ್ಮಂಡಿಯ ಕಾನ್ ಕ್ಲಬ್ ಕರೆಸಿಕೊಂಡಿತು. ಅಲ್ಲಿ 38ಕ್ಕೆ 38 ಆಡಿದ, ತಂಡ ಮೊದಲ ದರ್ಜೆಗೆ ಏರಿತು. 2014-15ರಲ್ಲಿ ಆ ಮೊದಲ ದರ್ಜೆಯಲ್ಲಿ 37. ನಮ್ಮ ಆಫೀಸಿನ ಹಾಜರಿ ಪುಸ್ತಕದಲ್ಲಿ ಇಂಥ ಸಾಲು ನಾನು ನೋಡಿದ್ದಿಲ್ಲ. ಕ್ಯಾಶುಯಲ್ ಲೀವ್ ಎಂಬ ಹಕ್ಕಿನ ವಿಷಯವನ್ನು ಅವನಿಗೆ ಯಾರೂ ಹೇಳಿರಲಿಲ್ಲವೇನೋ. ಆ ವರ್ಷ ಎದುರಾಳಿಗಳಿಂದ ಚೆಂಡು ವಾಪಸು ಪಡೆದವರ ಲೆಕ್ಕ ತೆಗೆದರೆ ಇಡೀ ಯೂರೋಪಿನಲ್ಲಿ ಅವನೇ ಮೊದಲು.

ಅಂತೂ ಒಬ್ಬರು ಎತ್ತರದ ಕಾಲಂ ಬಿಟ್ಟು ಬೇರೆ ಕಾಲಂ ಓದಿದರು. ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬಿಗೆ ಆಟಗಾರರನ್ನು ಹುಡುಕುತ್ತಿದ್ದ ಸ್ಟೀವ್ ವಾಲ್ಷ್. ಹೊಸದಾಗಿ ಬಂದಿದ್ದ ಇಟಲಿಯ ಮ್ಯಾನೇಜರ್ ಕ್ಲಾಡಿಯೋ ರಾನಿಯೇರಿಗೆ ಅದೇ ಹಳೆಯ ಅನುಮಾನ: ಇಂಗ್ಲಿಷ್ ಲೀಗಿನ ದಾಂಡಿಗರ ನಡುವೆ ಈ ಪುಟ್ಟ ಮನುಷ್ಯ ಬದುಕುತ್ತಾನೆಯೆ? ವಾಲ್ಷ್ ಸಿಕ್ಕಸಿಕ್ಕಲ್ಲಿ ಕಾಂಟೆ, ಕಾಂಟೆ ಎಂದು ಜಪ ಮಾಡಿ ಕೊನೆಗೂ ಸಹಿ ಹಾಕಿಸಿದರು. 2015ರ ಆಗಸ್ಟ್, ಬೆಲೆ ಸುಮಾರು 56 ಲಕ್ಷ ಪೌಂಡ್. ನಮಗೆ ದೊಡ್ಡ ಮೊತ್ತ, ಆ ಲೀಗಿನಲ್ಲಿ ಚಿಲ್ಲರೆ. ಲೆಸ್ಟರಿಗೆ ಬಂದ ಮೇಲೂ ಕಾರು ಕೊಳ್ಳುವ ಮನಸ್ಸಿರಲಿಲ್ಲ. ಕೊನೆಗೆ ಕೊಂಡದ್ದು ಸೆಕೆಂಡ್ ಹ್ಯಾಂಡ್ ಮಿನಿ ಕೂಪರ್.

ಆ ವರ್ಷ ಲೆಸ್ಟರ್ ಲೀಗ್ ಗೆಲ್ಲುವುದಕ್ಕೆ ಬಾಜಿ ಕಟ್ಟುವವರು ಕೊಟ್ಟಿದ್ದ ದರ ಒಂದಕ್ಕೆ ಐದು ಸಾವಿರ. ಅಂದರೆ ಯಾರಿಗೂ ನಂಬಿಕೆ ಇರಲಿಲ್ಲ. ತಂಡ ಗೆದ್ದಿತು, ಎರಡನೆಯವರಿಗಿಂತ 10 ಪಾಯಿಂಟ್ ಮೇಲೆ ನಿಂತು ಗೆದ್ದಿತು. ಗೋಲು ಹೊಡೆದ ಜೇಮಿ ವಾರ್ಡಿ, ರಿಯಾದ್ ಮಹ್ರೆಜ್ ಊರೂರಿಗೆ ಪರಿಚಿತರಾದರು. ಕಾಂಟೆಯ ಖಾತೆಯಲ್ಲಿ ಗೋಲು ಒಂದೇ. ಅದರ ಕೆಳಗೆ ಬರೆದಿತ್ತು: ಎದುರಾಳಿಯ ಕಾಲಿನಿಂದ ಕಸಿದದ್ದು 175, ದಾರಿಯಲ್ಲಿ ತಡೆದದ್ದು 156, ಎರಡರಲ್ಲೂ ಲೀಗಿಗೇ ಮೊದಲು. ಇವನು ಚಡ್ಡಿಯಲ್ಲಿ ಬ್ಯಾಟರಿ ಬಚ್ಚಿಟ್ಟುಕೊಂಡಿದ್ದಾನೆ ಎಂದು ರಾನಿಯೇರಿ ತಮಾಷೆ ಮಾಡುತ್ತಿದ್ದರು. ವಾಲ್ಷ್ ಹೇಳಿದ್ದು ಇನ್ನೂ ಚೆನ್ನ: ನಮ್ಮ ನಡುಗೆರೆಯಲ್ಲಿ ಮೂವರಿದ್ದಾರೆ, ಮಧ್ಯೆ ಡ್ರಿಂಕ್‌ವಾಟರ್, ಎಡಕ್ಕೊಬ್ಬ ಕಾಂಟೆ, ಬಲಕ್ಕೊಬ್ಬ ಕಾಂಟೆ ಎಂದು. 2016ರ ಮಾರ್ಚ್ 29ರಂದು, ಅವನ 25ನೆಯ ಹುಟ್ಟುಹಬ್ಬದ ದಿನವೇ, ರಷ್ಯಾ ವಿರುದ್ಧ ಫ್ರಾನ್ಸ್ ತಂಡದ ಆರಂಭಿಕ ಹನ್ನೊಂದರಲ್ಲಿ ಮೊದಲ ಬಾರಿ ಇಳಿದ. ಅಪರೂಪದ ಗೋಲನ್ನೂ ಒಂದು ಹೊಡೆದ. ಕ್ಲೇರ್‌ಫೋಂಟೇನಿನ ಗೇಟು ಆಗ ತಾನಾಗಿ ತೆರೆಯಿತು, ಏಕೆಂದರೆ ರಾಷ್ಟ್ರೀಯ ತಂಡದ ಶಿಬಿರ ನಡೆಯುವುದೂ ಅಲ್ಲೇ.

ನನ್ನಂಥವರಿಗೆ ಸಂತೋಷವಾಗುವುದು ಲೆಸ್ಟರ್ ಲೀಗ್ ಗೆದ್ದ ಮರುವರ್ಷದ ಲೆಕ್ಕ ನೋಡಿದಾಗ. 2016ರಲ್ಲಿ ಚೆಲ್ಸಿ ಅವನನ್ನು ಸುಮಾರು 3.2 ಕೋಟಿ ಪೌಂಡಿಗೆ ಕೊಂಡಿತು. ಅವನು ಬಿಟ್ಟು ಹೋದ ಲೆಸ್ಟರ್ 1ನೇ ಸ್ಥಾನದಿಂದ 12ಕ್ಕೆ ಬಿತ್ತು, ರಾನಿಯೇರಿ ನಡುವಿನಲ್ಲೇ ಕೆಲಸ ಕಳಕೊಂಡರು. ಅವನು ಸೇರಿದ ಚೆಲ್ಸಿ 10ನೇ ಸ್ಥಾನದಿಂದ 1ಕ್ಕೆ ಏರಿತು. ಒಂದು ಕಡೆ ಖರ್ಚು ಬಿದ್ದದ್ದು ಇನ್ನೊಂದು ಕಡೆ ಜಮಾ ಆಗಲೇಬೇಕು ಎಂದು ಬಿ.ಕಾಂ. ಮೊದಲ ವರ್ಷದಲ್ಲಿ ಕಲಿಸುತ್ತಾರೆ. ಇಷ್ಟು ಚೊಕ್ಕವಾಗಿ ಟ್ಯಾಲಿಯಾದದ್ದನ್ನು ನನ್ನ ಸರ್ವಿಸ್ಸಿನಲ್ಲಿ ಕಂಡಿದ್ದಿಲ್ಲ. ಬೇರೆ ಆಟಗಾರರೂ ಬಂದರು ಹೋದರು, ಚೆಲ್ಸಿಗೆ ಹೊಸ ಕೋಚ್ ಬಂದರು ಎಂದು ನನ್ನ ಅಣ್ಣನ ಮಗ ಆಕ್ಷೇಪಿಸುತ್ತಾನೆ. ಅವನು ಐದಡಿ ಹನ್ನೊಂದಂಗುಲ ಇದ್ದಾನೆ. ಅವನ ಆಕ್ಷೇಪವನ್ನು ನಾನು ದಾಖಲು ಮಾಡಿಕೊಳ್ಳುವುದಿಲ್ಲ.

ಓದಿದ ಅಕೌಂಟೆನ್ಸಿ ಏನಾಯಿತು ಎಂದು ಕೇಳುವಿರಾದರೆ ಅದಕ್ಕೂ ಉತ್ತರವಿದೆ. ದೊಡ್ಡ ಆಟಗಾರರ ಸಂಬಳದ ಒಂದು ಪಾಲನ್ನು ತೆರಿಗೆ ಹಗುರವಿರುವ ದ್ವೀಪದ ಕಂಪನಿಯ ಮೂಲಕ ಕೊಡಿಸಿಕೊಳ್ಳುವುದು ಆ ಲೋಕದ ರೂಢಿ. ಕಾಂಟೆಗೂ ಜೆರ್ಸಿ ದ್ವೀಪದ ಮೂಲಕ ಅಂಥ ಏರ್ಪಾಟು ಸೂಚಿಸಿದ್ದರು. ಅವನು ಒಪ್ಪಲಿಲ್ಲ, ನನಗೆ ಎಲ್ಲರಂತೆ ನೇರವಾಗಿ ಸಂಬಳ ಕೊಟ್ಟುಬಿಡಿ ಎಂದು ಪಟ್ಟು ಹಿಡಿದ ಎಂದು, ಸೋರಿಬಂದ ಕಾಗದಪತ್ರಗಳ ಆಧಾರದ ಮೇಲೆ 2018ರಲ್ಲಿ ಯೂರೋಪಿನ ಪತ್ರಿಕೆಗಳು ಬರೆದವು. ಈ ಸಂಗತಿಯನ್ನು ರಿಟರ್ನ್ಸ್ ತುಂಬಲು ಹೋದಾಗ ನಮ್ಮ ಆಡಿಟರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, ‘ಅಕೌಂಟೆನ್ಸಿ ಪೂರ್ತಿ ಓದಿಲ್ಲ ಅಂತ ಕಾಣುತ್ತೆ ಸಾರ್’ ಎಂದರು.