ಒಂದು ಚುಕ್ಕೆಗೆ 930 ವರ್ಷ

ಮೂವತ್ತು ಸಮೀಪಿಸಿದ ಮೇಲೆ ಮತ್ತೆ ಒಂದನೇ ಕ್ಲಾಸಿಗೆ ಸೇರುವ ಯೋಗ ಎಲ್ಲರಿಗೂ ಒದಗುವುದಿಲ್ಲ. ದಖನ್ ಚರಿತ್ರೆಯಲ್ಲಿ ಪಿಎಚ್.ಡಿ. ಮಾಡಲು ಹೊರಟವರಿಗೆ ಒದಗುತ್ತದೆ. ಬಹಮನಿಗಳು, ಆದಿಲ್‌ಶಾಹಿಗಳು ಎಂದು ಬಾಯಿ ಬಿಟ್ಟಿರೋ, ಗೈಡ್ ಮಹಾಶಯರು ಕನ್ನಡಕದ ಮೇಲಿಂದ ನೋಡಿ "ಫಾರಸಿ ಬರುತ್ತೇನ್ರೀ?" ಅನ್ನುತ್ತಾರೆ. ಫರಿಷ್ತಾ ಬಿಜಾಪುರದಲ್ಲಿ ಕೂತು ಇತಿಹಾಸ ಬರೆದದ್ದು ಫಾರಸಿಯಲ್ಲಿ. ಶ್ರೀರಂಗಪಟ್ಟಣದ ಟಿಪ್ಪು ತನ್ನ ಕನಸುಗಳನ್ನು ಬರೆದಿಟ್ಟದ್ದೂ ಫಾರಸಿಯಲ್ಲಿ. ನಮ್ಮ ನೆಲದ ಸುಲ್ತಾನನ ನಿದ್ದೆಯೊಳಗೆ ಇಣುಕಬೇಕಾದರೂ ಅಲಿಫ್, ಬೇ ತಿದ್ದಿಯೇ ತೀರಬೇಕು.

ಊರಿಗೆ ಹೋದಾಗ ಸೋದರತ್ತೆ ಕೇಳಿದರು: "ಅದೇನೋ ಫಾರಸಿ ಕಲೀತಿದ್ದೀಯಂತಲ್ಲ, ಇರಾನಿಗೆ ಹೋಗ್ತೀಯೇನೋ?"

"ಇಲ್ಲ ಅತ್ತೆ, ಬೀದರಿಗೆ."

"ಬೀದರಿಗಾದರೆ ಬಸ್ಸೇ ಇದೆಯಲ್ಲೋ!"

ತಾಳಿಕೋಟೆಯ ಕದನವನ್ನು ಮೂಲದಲ್ಲೇ ಓದುವ ಉಮೇದಿನಿಂದ ಫಾರಸಿ ಕ್ಲಾಸಿನಲ್ಲಿ ಕೂತರೆ, ಇರಾನಿನ ಪುಟ್ಟ ಮಕ್ಕಳಿಗೆ ಕಲಿಸುವಂತೆ ನಮಗೂ ಕಲಿಸಿದ್ದು ಅಪ್ಪ ನೀರು ಕೊಟ್ಟ ಸಂಗತಿಯನ್ನು. ವಾರವಿಡೀ ಅಪ್ಪ ನೀರು ಕೊಡುತ್ತಲೇ ಇದ್ದ. ಪಕ್ಕದಲ್ಲಿದ್ದ ಹುಡುಗರು ಬಿ.ಎ. ಓದುವವರು, ನೀರು ಇಸಕೊಂಡು ಸುಮ್ಮನಾದರು. ನನಗೆ ಚರಿತ್ರೆಯ ಚಟ: ಈ ಅಪ್ಪ ಯಾರು, ನೀರು ಯಾವ ಬಾವಿಯದು, ಕೊಟ್ಟದ್ದಕ್ಕೆ ಸಮಕಾಲೀನ ಆಧಾರ ಏನಾದರೂ ಇದೆಯೇ?

ವ್ಯಾಕರಣ ಪಾಪದ್ದು. ಲಿಂಗದ ಗೊಡವೆ ಇಲ್ಲ, ಕ್ರಿಯಾಪದ ಕನ್ನಡದ ಹಾಗೆ ಕೊನೆಗೇ ಬಂದು ಕೂರುತ್ತದೆ. ತಂಟೆಯೆಲ್ಲ ಲಿಪಿಯದು. 'ಜ಼' ಎಂಬ ಒಂದೇ ಸದ್ದಿಗೆ ನಾಲ್ಕು ಅಕ್ಷರ. ಜಮೀನಿಗೆ ಒಂದು, ಜಿಲ್ಲೆಗೆ ಇನ್ನೊಂದು, ಜುಲುಮೆಗೆ ಮತ್ತೊಂದು. ಕನ್ನಡಿಗರಾದ ನಾವು ಮೂರನ್ನೂ ಒಂದೇ ಜಕಾರದಲ್ಲಿ, ಸಾಮಾನ್ಯವಾಗಿ ಒಂದೇ ಕಚೇರಿಯಲ್ಲಿ, ಮುಗಿಸಿಕೊಳ್ಳುತ್ತೇವೆ. ಇನ್ನು ಹ್ರಸ್ವ ಸ್ವರಗಳನ್ನು ಅವರು ಬರೆಯುವುದೇ ಇಲ್ಲ.

"ಮತ್ತೆ ಓದುವುದು ಹೇಗೆ, ಸರ್?" ಅಂದೆ.

"ಅರ್ಥ ಗೊತ್ತಿದ್ದರೆ ತಾನಾಗಿ ಓದಲು ಬರುತ್ತೆ" ಅಂದರು ಉಸ್ತಾದರು.

"ಅರ್ಥ ಗೊತ್ತಾಗುವುದು?"

"ಓದಿದರೆ."

ಚುಕ್ಕೆಗಳ ಕಥೆ ಬೇರೆಯೇ ಇದೆ. 'ಐನ್' ತಲೆಯ ಮೇಲೊಂದು ಚುಕ್ಕೆ ಇಟ್ಟರೆ ಅದು 'ಘೈನ್'. ಅವಸರದ ಬರವಣಿಗೆಯಲ್ಲಿ ಗುಮಾಸ್ತರು ಮೊದಲು ಕೈಬಿಡುತ್ತಿದ್ದದ್ದು ಈ ಚುಕ್ಕೆಗಳನ್ನೇ. ಬಿಟ್ಟರೇನು ಮಹಾ ಎನ್ನುವ ಹಾಗಿಲ್ಲ. ಅಬ್ಜದ್ ಲೆಕ್ಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಉಂಟು. ಐನ್‌ಗೆ 70, ಘೈನ್‌ಗೆ 1000. ಇಸವಿಯನ್ನು ಪದಗಳಲ್ಲಿ ಅಡಗಿಸಿಟ್ಟಿರುತ್ತಾರೆ, ಅಕ್ಷರಗಳನ್ನೆಲ್ಲ ಕೂಡಿದರೆ ಅದು ಬರಬೇಕು. ಒಂದು ಚುಕ್ಕೆ ಕಣ್ತಪ್ಪಿದರೆ 930 ವರ್ಷ ಖೋತಾ. ಗೋಲಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಇಂಥ ಮೂರು ಬರಹಗಳಿವೆ. ಕೂಡಿದರೆ ಮೂರರಲ್ಲೂ ಬರುವುದು ಹಿಜರಿ 1067, ಅಂದರೆ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡ 1656. ಸುಲ್ತಾನ ಸತ್ತದ್ದು ಒಂದೇ ಸಲ, ವಿದ್ಯಾರ್ಥಿಗೆ ಲೆಕ್ಕ ಮೂರು ಸಲ. ಒಳಗೆ ಮಂದಿ ಕೂಗಿ ಕೂಗಿ ಪ್ರತಿಧ್ವನಿ ಕೇಳಿ ಖುಷಿಪಡುವಾಗ, ಹೊರಗೆ ಬೆರಳು ಮಡಚುತ್ತ ನಿಂತವನು ಸಂಶೋಧಕ ಎಂದು ತಿಳಿಯತಕ್ಕದ್ದು.

ಇಷ್ಟನ್ನೂ ದಾಟಿ ಆಸ್ಥಾನದ ಪತ್ರಗಳಿಗೆ ಬಂದರೆ ಬರೀ ಹೊಗಳಿಕೆ. ಚಾಲುಕ್ಯ ಶಾಸನಗಳ ಬಿರುದಾವಳಿ ಓದಿ ಪಳಗಿದವನಿಗೂ ಉಸಿರು ಕಟ್ಟುತ್ತದೆ. ಸೂರ್ಯ, ಚಂದ್ರ, ಗುಲಾಬಿ, ಬುಲ್‌ಬುಲ್ ಎಲ್ಲ ಬಂದು ಹೋದರೂ ವಿಷಯದ ಸುಳಿವಿಲ್ಲ. ಈ ವಿದ್ಯೆಯಲ್ಲಿ ಎತ್ತಿದ ಕೈ ಬಹಮನಿ ವಜೀರ ಮಹಮೂದ್ ಗವಾನ್. ಬೀದರಿನ ಮದರಸಾ ಕಟ್ಟಿಸಿದವನು. ಅವನ ಪತ್ರಗಳ ಸಂಗ್ರಹವಿದೆ. ಪತ್ರ ಬರೆಯುವುದು ಹೇಗೆಂದು ಕಲಿಸುವ ಪುಸ್ತಕವನ್ನೂ ಬರೆದ. ಅಂಥವನು 1481ರಲ್ಲಿ ತಲೆ ಕಳೆದುಕೊಂಡದ್ದು ತಾನು ಬರೆಯದ ಒಂದು ಪತ್ರದಿಂದ. ಅವನ ಮುದ್ರೆಯೊತ್ತಿದ್ದ ಖಾಲಿ ಹಾಳೆಯ ಮೇಲೆ, ಒರಿಸ್ಸಾದ ಅರಸನಿಗೆ ದಂಡೆತ್ತಿ ಬಾ ಎಂದು ಕರೆದಂತೆ ವೈರಿಗಳು ಬರೆಸಿ ಸುಲ್ತಾನನ ಕೈಗಿಟ್ಟರು.

ಸುಲ್ತಾನ ಮುದ್ರೆ ನೋಡಿದ, ಶೈಲಿ ನೋಡಲಿಲ್ಲ. ನಮ್ಮ ಉಸ್ತಾದರು ಅಲ್ಲಿದ್ದಿದ್ದರೆ ಮೊದಲು ಕೇಳುತ್ತಿದ್ದದ್ದು, "ಹೊಗಳಿಕೆ ಎಷ್ಟು ಸಾಲು?" ಕಾಗದ ಮೂರನೇ ಸಾಲಿಗೇ ವಿಷಯಕ್ಕೆ ಬಂದಿದ್ದರೆ ಅದು ಗವಾನನದಲ್ಲವೆಂದು ಅಲ್ಲೇ ಇತ್ಯರ್ಥವಾಗುತ್ತಿತ್ತು. ಅಷ್ಟು ಪತ್ತೆ ಹಚ್ಚುವ ಫಾರಸಿ ಈಗ ನನಗೂ ಬರುತ್ತದೆ. ಒಬ್ಬ ವಜೀರನ ತಲೆ ಉಳಿಸಲು ಧಾರಾಳ ಸಾಕು. ಬರುವುದು ಮಾತ್ರ ಸ್ವಲ್ಪ ತಡವಾಯಿತು, ಐನೂರು ಚಿಲ್ಲರೆ ವರ್ಷ.