ಸೈದ್ಧಾಂತಿಕ ಚೌಕಟ್ಟು ಮತ್ತು 22 ಇಂಚಿನ ಚೌಕಟ್ಟು: ಒಂದು ತೌಲನಿಕ ಅಧ್ಯಯನ

ಪ್ರಸ್ತುತ ಸಂಪ್ರಬಂಧವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಪಂಚತಾಲ್ಲೂಕು ಪರಿಸರದಲ್ಲಿ ದೇಹ-ದ್ವಿಚಕ್ರ ಸಂಬಂಧದ ನೆಲೆ-ನಿಲುವುಗಳನ್ನು ಬಹುಶಿಸ್ತೀಯವಾಗಿ ಮರುಶೋಧಿಸುತ್ತದೆ. 'ಸೈದ್ಧಾಂತಿಕ ಚೌಕಟ್ಟಿಲ್ಲ' ಎಂದು ಮಾರ್ಗದರ್ಶಕರು ಮೂರು ಸಲ ಹಿಂದಿರುಗಿಸಿದ್ದರಿಂದ, ಈ ಸಲ ಚೌಕಟ್ಟನ್ನೇ ಹೆಗಲ ಮೇಲೆ ಹೊತ್ತು ತಂದಿದ್ದೇನೆ.

1. ಗುಣಾಕಾರವಾದ: ಮೂರು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಚಲಿತ. ಕಾಲಸಂದಿಯಿಂದ ನೆಲದವರೆಗಿನ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲ್ ತಿರುಗುವ ಅಚ್ಚಿನಿಂದ ಸೀಟಿನ ನೆತ್ತಿಯವರೆಗಿನ ಎತ್ತರ. ಎಂಟನೆಯ ತರಗತಿಯ ಗಿಡ್ಡ ಹುಡುಗನೊಬ್ಬನ ಅಳತೆ 62 ಸೆಂ.ಮೀ. ಎನ್ನಿ, ಉತ್ತರ 54.7. ಅವನ ಅಪ್ಪನ 22 ಇಂಚಿನ ಸೈಕಲ್ಲಿನ ಚೌಕಟ್ಟೇ ಸುಮಾರು 56. ಆದ್ದರಿಂದ ಸೀಟು ಪೈಪಿನೊಳಗೆ ಇಳಿಯತಕ್ಕದ್ದು. ಅದರ ಹಿಂದೆ ಹುಡುಗ.

2. ಲಂಬಸೂತ್ರವಾದ: ಪೆಡಲು ಮುಂದಕ್ಕೆ ಚಾಚಿದಾಗ ಮಂಡಿಯಿಂದ ಬಿಟ್ಟ ತೂಗುಗುಂಡು ಪೆಡಲಿನ ಅಚ್ಚಿನ ಮೇಲೆಯೇ ಬೀಳಬೇಕು. ಸೈಕಲ್ ತಯಾರಕ ಕೀತ್ ಬಾಂಟ್ರೇಜರ್ ಇದನ್ನು ಕಟ್ಟುಕತೆ ಎಂದರು. ಗುಂಡು ಇನ್ನೂ ತೂಗುತ್ತಿದೆ.

3. ಕೋನವಾದ: ಪೆಡಲು ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು.

4. ಒಳಪೆಡಲುವಾದ: ಬಾರಿನ ಕೆಳಗೆ ಬಲಗಾಲು ತೂರಿಸಿ, ಸೀಟನ್ನು ಕಂಕುಳಲ್ಲಿ ಒತ್ತಿ, ಮೈಯನ್ನು ಹೊರಗೆ ಸೊಟ್ಟಗೆ ಚೆಲ್ಲಿ ತುಳಿಯುವುದು. ಇಲ್ಲಿ ಮಂಡಿಯ ಕೋನವನ್ನು ತರಚುಗಾಯ ಒಣಗಿದ ಮೇಲೆ ಅಳೆಯಬೇಕು.

5. ಬಿಡಿ, ಸಾಕು.

ಇದೇ ಅಥಣಿ, ನಿಪ್ಪಾಣಿಗಳಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಪಾದದ ಅಳತೆ ನೋಡಿ ತೊಗಲು ಕತ್ತರಿಸುತ್ತಾರೆ. ಆದರೆ 2006-07ರಲ್ಲಿ ಎಂಟನೆಯ ತರಗತಿಗೆ ಸರ್ಕಾರದ ಉಚಿತ ಸೈಕಲ್ ಬರತೊಡಗಿದಾಗ ಹುಡುಗಿಯರಿಗೊಂದು ನಮೂನೆ, ಹುಡುಗರಿಗೊಂದು. ಯಾರ ಕಾಲು ಎಷ್ಟುದ್ದ ಎಂದು ಕೇಳಿದವರಿಲ್ಲ. ಪಂಕ್ಚರ್ ಅಂಗಡಿಯವನು ಪಾನಾ ಕೆಳಗಿಟ್ಟು ಹೇಳಿದ: "ಸೀಟ ಇನ್ನ ಕೆಳಗ ಇಳಿಯಂಗಿಲ್ಲ ತಮ್ಮಾ, ನೀನ ಬೆಳಿ." ನಾನು ಕೇಳಿದ ಸಿದ್ಧಾಂತಗಳಲ್ಲಿ ಸುಳ್ಳಿಲ್ಲದ್ದು ಇದೊಂದೇ.

ಮಕ್ಕಳು ಬೆಳೆದರು ಕೂಡ. ತೋಟದ ಮನೆಗಳಿಂದ, ಬಸ್ಸು ಬಾರದ ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರಿಗೆ ಪಕ್ಕ ಸರಿಯುತ್ತ, ಹುಡುಗಿಯರು ಗುಂಪಾಗಿ ಹೈಸ್ಕೂಲಿಗೆ ಹೋದರು. ಸೀಟು ಎಟುಕದವರು ನಿಂತೇ ತುಳಿದರು. ಆಮೇಲೆ ಕೋವಿಡ್ ಬಂತು, ಹಂಚಿಕೆ ನಿಂತಿತು. ಅಳತೆ ತಪ್ಪಿದ ಸೈಕಲ್ಲಿಗೆ ಬೈಯುತ್ತಿದ್ದ ನಾನು ಅದೂ ಇಲ್ಲದ ದಾರಿ ನೋಡಬೇಕಾಯಿತು.

ಈಗ ಆ ದಾರಿಯಲ್ಲಿ ನಡೆದು ಹೋಗುವ ಹುಡುಗಿಯ ಕಾಲಳತೆಯನ್ನು 0.883ರಿಂದ ಗುಣಿಸಿದ್ದೇನೆ. ಬಂದ ಉತ್ತರವನ್ನು ಯಾವುದರ ಮೇಲೆ ಕೂರಿಸಬೇಕೆಂದು ಮಾರ್ಗದರ್ಶಕರೇ ತಿಳಿಸಬೇಕು.